ಕಾಲು ಕಂಡರೆ ಬಾಯಿ ಹಾಕುವ ಬೊಳ್ಳು: ಬಿಜೈಯ ಒಂದು ಮನೆಯ ಪ್ರಕರಣ

ಸಣ್ಣ ಜಾತಿಯ ಮರಿ ಕಚ್ಚುತ್ತದೆ ಎಂದರೆ ಜನ ಮೊದಲು ನಗುತ್ತಾರೆ. ಇಷ್ಟೇ ಇಷ್ಟು ಮರಿ, ಅದು ಎಷ್ಟು ಕಚ್ಚೀತು ಅಂತ. ಲ್ಯಾಬ್ರಡಾರ್ ಮರಿ ಅದೇ ಕೆಲಸ ಮಾಡಿದರೆ ಮರುದಿನವೇ ಯಾರಿಗಾದರೂ ಫೋನ್ ಹೋಗುತ್ತದೆ. ಸಣ್ಣದರ ವಿಷಯದಲ್ಲಿ ಆ ಫೋನ್ ಬರುವುದು ಅದಕ್ಕೆ ವರ್ಷ ತುಂಬಿ, ಮನೆಗೆ ಬಂದ ನೆಂಟರ ಕೈಗೆ ಬಾಯಿ ಹಾಕಿದ ಮೇಲೆ. ಅಷ್ಟು ಹೊತ್ತಿಗೆ "ಯಾರಿಗಾದರೂ ಕೊಟ್ಟುಬಿಡುವ" ಎಂಬ ಮಾತೂ ಮನೆಯಲ್ಲಿ ಶುರುವಾಗಿರುತ್ತದೆ. ನಾಯಿ ತರಬೇತಿಯ ಕೆಲಸದಲ್ಲಿ ನನಗೆ ಅತಿ ಹೆಚ್ಚು ಬೇಜಾರು ತರುವುದು ಈ ಮಾತೇ. ಅದಕ್ಕೇ ಈ ಪ್ರಕರಣವನ್ನು ಪೂರ್ತಿ ಬರೆಯುತ್ತಿದ್ದೇನೆ. ಈ ಮನೆಯವರು ಬೇಗ ಕರೆದರು. ಮರಿ ಯಾಕೆ ಕಚ್ಚುತ್ತಿತ್ತು, ಯಾವುದು ಕೆಲಸಕ್ಕೆ ಬಂತು, ಯಾವುದು ಬರಲಿಲ್ಲ ಅಂತ ಮೊದಲಿನಿಂದ ನೋಡಲು ಸಿಕ್ಕಿತು. ಬರೆಯಲು ಅವರ ಒಪ್ಪಿಗೆ ಇದೆ, ಹೆಸರು ಮಾತ್ರ ಬೇಡ ಎಂದಿದ್ದಾರೆ.

ಮನೆ ಇರುವುದು ಮಂಗಳೂರಿನ ಬಿಜೈಯಲ್ಲಿ. ಅಜ್ಜಿ, ಅವರ ಮಗ, ಸೊಸೆ, ಎಂಟು ವರ್ಷದ ಮೊಮ್ಮಗಳು. ಮರಿಯ ಹೆಸರು ಬೊಳ್ಳು. ಬೆಳ್ಳಗಿನ ಗಂಡು ಮರಿ, ನಾನು ನೋಡಿದಾಗ ಹತ್ತು ವಾರ, ತೂಕ ಎರಡು ಕಿಲೋ ಕೂಡ ಇಲ್ಲ. ಮಾರಿದವರು ಪೊಮೇರಿಯನ್ ಎಂದು ಕೊಟ್ಟಿದ್ದರು. ನಿಜವಾಗಿ ಅದು ಇಂಡಿಯನ್ ಸ್ಪಿಟ್ಜ್. ನಮ್ಮಲ್ಲಿ ಪೊಮೇರಿಯನ್ ಹೆಸರಿನಲ್ಲಿ ಮನೆಮನೆಗೆ ಬರುವುದು ಹೆಚ್ಚಾಗಿ ಇದೇ. ಚುರುಕು ನಾಯಿ, ಕಿವಿ ಸೂಕ್ಷ್ಮ, ಸಣ್ಣ ಸದ್ದಿಗೂ ಎದ್ದು ನಿಲ್ಲುತ್ತದೆ. ಮಡಿಲಲ್ಲಿ ಬೊಂಬೆಯಂತೆ ಇರಲಿ ಎಂದು ತಂದವರಿಗೆ ಇದು ಮೊದಲೇ ಗೊತ್ತಿದ್ದರೆ ಒಳ್ಳೆಯದು.

ಇನ್ನೊಂದು ವಿಷಯ ವಿಚಾರಿಸಿದಾಗ ಗೊತ್ತಾಯಿತು. ಮರಿಯನ್ನು ತಂದದ್ದು ಆರು ವಾರಕ್ಕೆ. ನಾಯಿ ಸಾಕಣೆ ಮತ್ತು ಮಾರಾಟದ ಬಗ್ಗೆ 2017ರಲ್ಲಿ ಬಂದ ಕೇಂದ್ರದ ನಿಯಮದ ಪ್ರಕಾರ ಎಂಟು ವಾರದೊಳಗಿನ ಮರಿಯನ್ನು ಮಾರುವಂತಿಲ್ಲ. ಈ ಎರಡು ವಾರ ಎಂದರೆ ಸಣ್ಣ ವಿಷಯ ಅಲ್ಲ. ಮರಿಗಳು ಒಂದಕ್ಕೊಂದು ಕಚ್ಚಿಕೊಂಡು ಆಡುವುದು ಆಗಲೇ. ಜೋರಾಗಿ ಕಚ್ಚಿದರೆ ಇನ್ನೊಂದು ಮರಿ ಕಿರುಚಿ ಆಟ ಬಿಟ್ಟು ಹೋಗುತ್ತದೆ, ತಾಯಿ ಎದ್ದು ದೂರ ನಡೆಯುತ್ತದೆ. ಇಷ್ಟು ಬಲವಾಗಿ ಕಚ್ಚಿದರೆ ಆಟ ನಿಲ್ಲುತ್ತದೆ ಎಂಬ ಲೆಕ್ಕ ಮರಿಗೆ ಸಿಗುವುದು ಅಲ್ಲೇ. ಬೊಳ್ಳುವಿಗೆ ಆ ಪಾಠ ಅರ್ಧಕ್ಕೆ ನಿಂತಿತ್ತು. ಉಳಿದದ್ದನ್ನು ಈಗ ಮನುಷ್ಯರು ಕಲಿಸಬೇಕು, ಆದರೆ ಮನುಷ್ಯರ ಚರ್ಮಕ್ಕೆ ರೋಮ ಇಲ್ಲ. ಮರಿಯ ಬಾಯಲ್ಲಿರುವ 28 ಹಾಲುಹಲ್ಲುಗಳೋ, ಸೂಜಿ ಮೊನೆ.

"ಎಂತ ಮಾಡುವುದು ಮಾರಾಯ್ರೆ, ಕಾಲು ನೆಲಕ್ಕೆ ಇಡ್ಲಿಕ್ಕೆ ಬಿಡುವುದಿಲ್ಲ," ಎಂದರು ಅಜ್ಜಿ. ಬೆಳಿಗ್ಗೆ ದೇವರಿಗೆ ಹೂ ಕೊಯ್ಯಲು ಹೊರಟರೆ ಸೀರೆಯ ಅಂಚು ಕಚ್ಚಿ ಎಳೆಯುತ್ತದೆ. ಹುಡುಗಿ ಶಾಲೆಯಿಂದ ಬಂದರೆ ಕಾಲ ಗೆಜ್ಜೆಯ ಹಿಂದೆಯೇ ಓಟ. ಅಪ್ಪ ಲುಂಗಿ ಉಟ್ಟು ಚಾವಡಿಯಲ್ಲಿ ಕುಳಿತರೆ ಹೆಬ್ಬೆರಳಿಗೆ ಹಲ್ಲು. ಮೈ ಬಾಚಲು ಹೋದರೆ ಅಮ್ಮನ ಕೈಗೆ. ಅವರು ನನ್ನನ್ನು ಕರೆಯಲು ಕಾರಣ ಮಾತ್ರ ಬೇರೆ: ಹುಡುಗಿಯ ಮೊಣಕೈ ಹತ್ತಿರ ರಕ್ತ ಬಂದಿತ್ತು, ಅರಶಿನ ಹಚ್ಚಿ ಬಿಟ್ಟಿದ್ದರು.

ಹಾಗಾಗಿ ಮೊದಲ ಕೆಲಸ ತರಬೇತಿ ಆಗಿರಲಿಲ್ಲ. ಹಲ್ಲು ತಾಗಿ ರಕ್ತ ಬಂದರೆ ಅರಶಿನ, ಕಾಫಿ ಪುಡಿ, ಸುಣ್ಣ ಯಾವುದೂ ಬೇಡ. ನಲ್ಲಿ ನೀರು ಬಿಟ್ಟು ಸೋಪು ಹಾಕಿ ಹದಿನೈದು ನಿಮಿಷ ತೊಳೆಯಬೇಕು, ಅದೇ ದಿನ ವೈದ್ಯರನ್ನು ನೋಡಬೇಕು. ಮರಿಗೆ ರೇಬಿಸ್ ಲಸಿಕೆ ಹಾಕುವುದು ಮೂರು ತಿಂಗಳು ತುಂಬಿದ ಮೇಲೆ. ಅಲ್ಲಿಯವರೆಗೆ ಮನೆಯೊಳಗೇ ಇದ್ದ ಮರಿ, ನಮ್ಮದೇ ಮರಿ ಎಂಬ ನಂಬಿಕೆ ಔಷಧಿ ಆಗುವುದಿಲ್ಲ. ಅದರ ತಾಯಿಗೆ ಲಸಿಕೆ ಆಗಿತ್ತೋ, ಆ ಆರು ವಾರ ಅದು ಎಲ್ಲಿತ್ತೋ ಈ ಮನೆಯವರಿಗೆ ಗೊತ್ತಿರಲಿಲ್ಲ. ರೇಬಿಸ್ ಲಕ್ಷಣ ಒಮ್ಮೆ ಕಾಣಿಸಿದರೆ ಮತ್ತೆ ಚಿಕಿತ್ಸೆ ಇಲ್ಲ, ಲಸಿಕೆ ಅದಕ್ಕಿಂತ ಮೊದಲು ಆಗಬೇಕು. ತಡವಾಗಿದ್ದರೂ ಹುಡುಗಿಯನ್ನು ಅಂದೇ ವೆನ್ಲಾಕ್ ಆಸ್ಪತ್ರೆಗೆ ಕರೆದುಕೊಂಡು ಹೋದರು, ಚುಚ್ಚುಮದ್ದಿನ ಎಲ್ಲಾ ದಿನಗಳೂ ತಪ್ಪದೆ ಮುಗಿದವು. ಸಣ್ಣ ನಾಯಿಯ ಹಲ್ಲಿನ ಗಾಯ ಸಣ್ಣದಿರಬಹುದು, ರೋಗ ಅದನ್ನು ನೋಡುವುದಿಲ್ಲ.

ಆಮೇಲೆ ಅಮ್ಮನಿಗೆ ಒಂದು ಕೆಲಸ ಕೊಟ್ಟೆ. ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ, ಮರಿ ಬಾಯಿ ಹಾಕಿದಾಗಲೆಲ್ಲ ಸಮಯ ಬರೆಯಬೇಕು, ಯಾರಿಗೆ ಅಂತ ಬರೆಯಬೇಕು, ಅದಕ್ಕಿಂತ ಸ್ವಲ್ಪ ಮೊದಲು ಏನು ನಡೆಯಿತು ಎಂದೂ ಬರೆಯಬೇಕು. ಅವರು ಶ್ರದ್ಧೆಯಿಂದ ಬರೆದರು. ಒಂದು ವಾರದಲ್ಲೇ ಚಿತ್ರ ಸಿಕ್ಕಿತು. "ಸುಮ್ನೆ ಸುಮ್ನೆ ಕಚ್ಚುತ್ತದೆ" ಎಂದು ಎಲ್ಲರೂ ಹೇಳುತ್ತಿದ್ದ ಮರಿ ಸುಮ್ಮನೆ ಕಚ್ಚಿದ್ದು ಒಂದೂ ಇರಲಿಲ್ಲ. ಓಡುವ ಕಾಲು, ಎತ್ತಿಕೊಳ್ಳುವ ಕೈ, ಬಾಚಣಿಗೆ, ಮತ್ತೆ ಸಂಜೆ ಆರರಿಂದ ಒಂಬತ್ತರ ನಡುವಿನ ಹೊತ್ತು. ಹೆಚ್ಚುಕಡಿಮೆ ಎಲ್ಲವೂ ಈ ನಾಲ್ಕರೊಳಗೇ ಇತ್ತು. ಮನೆಯವರ ಕಣ್ಣಿಗೆ ಎಲ್ಲವೂ ಒಂದೇ ಕಚ್ಚುವಿಕೆ. ಬೊಳ್ಳುವಿಗೆ ನಾಲ್ಕೂ ಬೇರೆ ಬೇರೆ ವಿಷಯ.

ಎತ್ತಿಕೊಳ್ಳುವುದರ ಬಗ್ಗೆ ಜಾಸ್ತಿ ಬರೆಯಬೇಕು, ಯಾಕೆಂದರೆ ಸಣ್ಣ ನಾಯಿಗೇ ಹೆಚ್ಚಾಗಿ ಬರುವ ತೊಂದರೆ ಇದು. ದೊಡ್ಡ ಜಾತಿಯ ಮರಿಯನ್ನು ಎಷ್ಟು ದಿನ ಎತ್ತಿಕೊಂಡು ತಿರುಗುತ್ತೀರಿ? ಬೊಳ್ಳುವನ್ನು ಎಲ್ಲರೂ ಎತ್ತುತ್ತಿದ್ದರು. ಪಕ್ಕದ ಮನೆಯವರು, ಹಾಲು ತರುವ ಹುಡುಗ, ಹುಡುಗಿಯ ಗೆಳತಿಯರು. ನಿದ್ದೆಯಲ್ಲಿದ್ದಾಗಲೂ, ಊಟದ ಮಧ್ಯದಲ್ಲೂ, ಎರಡೂ ಮುಂಗಾಲಿನ ಅಡಿಗೆ ಕೈ ಹಾಕಿ ಮೇಲಕ್ಕೆ. ಹಿಂಭಾಗಕ್ಕೆ ಆಧಾರ ಇಲ್ಲದೆ ಮರಿ ಗಾಳಿಯಲ್ಲಿ ನೇತಾಡುತ್ತಿತ್ತು. ನಾನು ಗಮನಿಸಿದಾಗ ಕಂಡದ್ದು ಇದು: ಕೈ ಹತ್ತಿರ ಬಂದಾಗ ಬೊಳ್ಳು ಮೊದಲು ಮುಖ ತಿರುಗಿಸುತ್ತದೆ. ಆಮೇಲೆ ತುಟಿ ನೆಕ್ಕುತ್ತದೆ. ಕಿವಿ ಹಿಂದಕ್ಕೆ ಹೋಗುತ್ತದೆ, ಮೈ ಬಿಗಿಯಾಗುತ್ತದೆ. ಇಷ್ಟೂ ಅದರ "ಬೇಡ". ಯಾರೂ ನೋಡುವುದಿಲ್ಲ, ಮೈತುಂಬ ರೋಮ ಇರುವ ಸಣ್ಣ ಮುಖದಲ್ಲಿ ಕಾಣುವುದೂ ಕಷ್ಟ. ಕೊನೆಗೆ ಹಲ್ಲು ತಾಗಿಸುತ್ತದೆ. ತಕ್ಷಣ "ಅಯ್ಯೋ" ಎಂದು ಕೆಳಗೆ ಬಿಡುತ್ತಾರೆ. ಮೆಲ್ಲಗೆ ಹೇಳಿದ್ದು ಯಾವುದೂ ನಡೆಯಲಿಲ್ಲ, ಹಲ್ಲು ಹಾಕಿದರೆ ನಡೆಯಿತು. ಹತ್ತು ವಾರದ ಮರಿ ಇದನ್ನು ಎಷ್ಟು ಬೇಗ ಕಲಿಯುತ್ತದೆ ಅಂತೀರಿ! ದೊಡ್ಡದಾದ ಮೇಲೆ ಮುಖ ತಿರುಗಿಸುವುದು, ತುಟಿ ನೆಕ್ಕುವುದು ಎಲ್ಲಾ ಬಿಟ್ಟು ನೇರ ಹಲ್ಲಿಗೇ ಬರುವ ನಾಯಿಗಳಲ್ಲಿ ಬಹಳಷ್ಟು ಹೀಗೆ ಬೆಳೆದವು.

ಮನೆಯಲ್ಲಿ ಒಂದು ನಿಯಮ ಮಾಡಿದೆವು. ಬೊಳ್ಳುವನ್ನು ಸುಮ್ಮನೆ ಯಾರೂ ಎತ್ತುವಂತಿಲ್ಲ. ಮುದ್ದು ಮಾಡಬೇಕೇ, ನೆಲಕ್ಕೆ ಕುಳಿತುಕೊಳ್ಳಿ, ಅಂಗೈ ತೋರಿಸಿ ಕರೆಯಿರಿ, ಬಂದರೆ ಎದೆಯ ಹತ್ತಿರ ತುರಿಸಿ, ಎರಡು ಕ್ಷಣಕ್ಕೆ ಕೈ ತೆಗೆಯಿರಿ. ಮತ್ತೆ ಹತ್ತಿರ ಬಂದರೆ ಅದಕ್ಕೆ ಇನ್ನೂ ಬೇಕು ಎಂದರ್ಥ. ಆಚೆ ಹೋದರೆ ಸಾಕು ಎಂದರ್ಥ. ಎತ್ತಲೇಬೇಕಾದಾಗ, ಉದಾಹರಣೆಗೆ ಮೆಟ್ಟಿಲು ಇಳಿಸಲು, ಮೊದಲು "ಎತ್ತಲಾ?" ಎಂದು ಒಂದೇ ಮಾತು ಹೇಳಿ, ಒಂದು ಕೈ ಎದೆಯಡಿ, ಇನ್ನೊಂದು ಕೈ ಹಿಂಭಾಗದಡಿ ಇಟ್ಟು ಎತ್ತುವುದು, ಎತ್ತಿದ ಕೂಡಲೇ ಬೇಯಿಸಿದ ಕೋಳಿಯ ಒಂದು ಚೂರು. ಹುಡುಗಿ ಇದನ್ನು ಎಲ್ಲರಿಗಿಂತ ಬೇಗ ಕಲಿತಳು. ಬಂದವರಿಗೆ ಹೇಳಿಕೊಡುವುದೂ ಅವಳೇ. ದೊಡ್ಡವರು ಹೇಳಿದರೆ ಕೇಳದ ನೆಂಟರು ಅವಳು ಹೇಳಿದರೆ ಕೇಳುತ್ತಾರೆ.

ಎರಡನೆಯದು ನಿದ್ದೆ. ಈ ವಯಸ್ಸಿನ ಮರಿ ದಿನಕ್ಕೆ ಹದಿನೆಂಟು ಗಂಟೆಯಷ್ಟು ಮಲಗುತ್ತದೆ, ಕೆಲವು ಅದಕ್ಕಿಂತ ಜಾಸ್ತಿ. ಈ ಮನೆಯಲ್ಲಿ ಸಂಜೆ ನಾಲ್ಕಕ್ಕೆ ಹುಡುಗಿ ಬರುತ್ತಾಳೆ, ಆಟ. ಆರಕ್ಕೆ ದೀಪ, ಭಜನೆ. ಆರೂವರೆಗೆ ಅಪ್ಪ ಬರುತ್ತಾರೆ, ಮತ್ತೆ ಆಟ. ಆಮೇಲೆ ಟಿವಿ, ಕುಕ್ಕರ್ ಸೀಟಿ, ಬಂದುಹೋಗುವವರು. ನಾಲ್ಕರಿಂದ ಒಂಬತ್ತರವರೆಗೆ ಮರಿ ಒಂದು ಕಣ್ಣು ಮುಚ್ಚಿರಲಿಲ್ಲ. ಏಳು ಗಂಟೆಗೆ ಅದು ಚಾವಡಿಯಿಡೀ ಸುತ್ತು ಹೊಡೆದು, ಸಿಕ್ಕಿದ ಕಾಲಿಗೆ ಹಲ್ಲು ಹಾಕಿ, ಬಿಡಿಸಿದರೆ ಮತ್ತೆ ಹಾರುತ್ತಿತ್ತು. ಅಪ್ಪನಿಗೆ ಅದು ಶಕ್ತಿ ಜಾಸ್ತಿಯಾದ ಹಾಗೆ ಕಾಣುತ್ತಿತ್ತು, ಸುಸ್ತಾಗಲಿ ಎಂದು ಇನ್ನೂ ಆಡಿಸುತ್ತಿದ್ದರು. ಆಗಲೇ ಸುಸ್ತಾಗಿದ್ದ ಮರಿ ಅದು.

ಕೋಣೆಯ ಮೂಲೆಯಲ್ಲಿ ಸಣ್ಣ ಬೇಲಿ ಕಟ್ಟಿ, ಒಳಗೆ ಹಾಸಿಗೆ, ನೀರು, ಫ್ಯಾನಿನ ಗಾಳಿ. ಮೇಲೊಂದು ಹಳೆ ಬೆಡ್‌ಶೀಟ್ ಅರ್ಧ ಇಳಿಬಿಟ್ಟು ಕತ್ತಲು ಮಾಡಿದೆವು. ಎಚ್ಚರವಾಗಿ ಒಂದು ಗಂಟೆ ಆಯಿತೆಂದರೆ ಒಳಗೆ, ಜಗಿಯಲು ಏನಾದರೂ ಕೊಟ್ಟು. ಇದು ಶಿಕ್ಷೆ ಅಲ್ಲ, ಬೈದು ಒಳಗೆ ಹಾಕಬಾರದು, ಅಳುತ್ತಾ ಒಂಟಿಯಾಗಿ ಬಿಡಲೂಬಾರದು. ಮೊದಲ ದಿನಗಳಲ್ಲಿ ಅಮ್ಮ ಅಲ್ಲೇ ಕುಳಿತು ಬಟ್ಟೆ ಮಡಚುತ್ತಿದ್ದರು. ಊಟವನ್ನೂ ದಿನಕ್ಕೆ ನಾಲ್ಕು ಸಲ ಎಂದು ಹಂಚಿದೆವು. ಇಷ್ಟು ಸಣ್ಣ ಮರಿಗಳ ಹೊಟ್ಟೆ ತುಂಬ ಹೊತ್ತು ಖಾಲಿ ಬಿದ್ದರೆ ರಕ್ತದಲ್ಲಿ ಸಕ್ಕರೆ ಇಳಿದು ನಡುಕ, ನಿತ್ರಾಣ ಬರಬಹುದು. ಹಸಿದ ಮರಿಗೆ ತಾಳ್ಮೆಯೂ ಇರುವುದಿಲ್ಲ. ಕ್ಯಾಲೆಂಡರಿನಲ್ಲಿ ಸಂಜೆಯ ಸಾಲುಗಳು ಕಡಿಮೆಯಾದದ್ದು ಬೇರೆ ಯಾವ ತರಬೇತಿಯಿಂದಲೂ ಅಲ್ಲ, ಈ ನಿದ್ದೆಯಿಂದ. ಮರಿ ಕಚ್ಚುತ್ತದೆ ಎಂದು ಯಾರು ಫೋನ್ ಮಾಡಿದರೂ ನಾನು ಮೊದಲು ಕೇಳುವ ಪ್ರಶ್ನೆ, ಎಷ್ಟು ಹೊತ್ತು ಮಲಗುತ್ತದೆ ಅಂತ.

ಇನ್ನು ಓಡುವ ಕಾಲು. ಚಲಿಸುವ ವಸ್ತುವಿನ ಹಿಂದೆ ಓಡಿ ಹಿಡಿಯುವುದು ಮರಿಯ ಸ್ವಭಾವ. ಗೆಜ್ಜೆ ಸದ್ದು ಮಾಡುತ್ತದೆ, ಸೀರೆ ಅಂಚು ಆಡುತ್ತದೆ, ಹಿಡಿದರೆ ಹುಡುಗಿ ಕಿರುಚಿ ಇನ್ನೂ ಜೋರು ಓಡುತ್ತಾಳೆ. ಮರಿಗೆ ಇದಕ್ಕಿಂತ ಒಳ್ಳೆಯ ಆಟ ಎಲ್ಲಿ ಸಿಗಬೇಕು! ಹುಡುಗಿಗೆ ಒಂದೇ ಮಾತು ಹೇಳಿದೆ: ಹಲ್ಲು ತಾಗಿದ ಕೂಡಲೇ ಕಂಬದ ಹಾಗೆ ನಿಲ್ಲು, ಕೈ ಎದೆಗೆ ಕಟ್ಟು, ಮೇಲೆ ನೋಡು. ಮರಿ ಬಿಟ್ಟ ಕ್ಷಣ ಆಟದ ವಸ್ತು ಕೊಡು. ಗೆಜ್ಜೆ ಸ್ವಲ್ಪ ಕಾಲ ತೆಗೆದಿಟ್ಟರು. ಒಂದು ಉದ್ದ ಹಗ್ಗದ ತುದಿಗೆ ಬಟ್ಟೆ ಗೊಂಬೆ ಕಟ್ಟಿಕೊಟ್ಟೆವು, ಅದನ್ನು ನೆಲದಲ್ಲಿ ಎಳೆದುಕೊಂಡು ಓಡುವುದು. ಹಿಡಿಯುವ ಆಸೆ ತೀರುತ್ತದೆ, ಕಾಲು ದೂರ ಇರುತ್ತದೆ. ಅಜ್ಜಿಗೆ ಈ ಯಾವುದನ್ನೂ ಮಾಡು ಎನ್ನುವುದು ಸರಿಯಲ್ಲ. ವಯಸ್ಸಾದವರ ಕಾಲ ಸಂದಿಯಲ್ಲಿ ಎರಡು ಕಿಲೋ ಮರಿ ಸಿಕ್ಕಿಕೊಂಡರೆ ಬೀಳುವುದು ಇಬ್ಬರಿಗೂ ಅಪಾಯ. ಅವರು ಹೂ ಕೊಯ್ಯಲು ಹೊರಡುವ ಮೊದಲು ಬೊಳ್ಳು ಬೇಲಿಯೊಳಗೆ, ತಿಂಡಿಯ ಜೊತೆ. ಅಷ್ಟೇ. ಎಲ್ಲವನ್ನೂ ನಾಯಿಗೆ ಕಲಿಸಿಯೇ ಬಗೆಹರಿಸಬೇಕು ಎಂದಿಲ್ಲ, ಅಲ್ವಾ?

ಇಲ್ಲಿಯವರೆಗೆ ಬರೆದದ್ದಕ್ಕಿಂತ ಕಷ್ಟವಾದದ್ದು ಮನೆಯ ನಾಲ್ಕು ಜನರನ್ನು ಒಂದೇ ದಾರಿಗೆ ತರುವುದು. ನಾನು ಹೋದಾಗ ಅಪ್ಪ ರಾತ್ರಿ ಕೈ ಕೊಟ್ಟು ಕುಸ್ತಿ ಆಡಿಸಿ ನಗುತ್ತಿದ್ದರು. ಅಮ್ಮ ಗದರುತ್ತಿದ್ದರು. ಹುಡುಗಿ ಓಡುತ್ತಿದ್ದಳು. ಅಜ್ಜಿ ಪೇಪರ್ ಸುರುಳಿ ಸುತ್ತಿ ಮೂತಿಗೆ ತಟ್ಟುತ್ತಿದ್ದರು, ಮರುಕ್ಷಣ "ಪಾಪ, ಸಣ್ಣದು" ಎಂದು ಬಿಸ್ಕೆಟ್ ಕೊಡುತ್ತಿದ್ದರು. ಒಂದೇ ಹಲ್ಲಿಗೆ ನಾಲ್ಕು ಉತ್ತರ. ಮರಿಗೆ ಏನು ಅರ್ಥ ಆಗಬೇಕು? 2010ರಲ್ಲಿ ವಿಯೆನ್ನಾದ ಸಂಶೋಧಕರು ಸಣ್ಣ ಮತ್ತು ದೊಡ್ಡ ನಾಯಿಗಳ ಮಾಲೀಕರನ್ನು ಹೋಲಿಸಿ ನೋಡಿದ್ದರು. ಸಣ್ಣ ನಾಯಿ ಸಾಕುವವರು ಒಂದೊಂದು ಸಲ ಒಂದೊಂದು ರೀತಿ ವರ್ತಿಸುವುದು ಜಾಸ್ತಿ, ನಾಯಿಯ ಜೊತೆ ಕಲಿಸುವ ಕೆಲಸ, ಆಟ ಕಡಿಮೆ ಎಂದು ಅವರಿಗೆ ಕಂಡಿತು. ಹೊಡೆತ ಬೈಗುಳ ಹೆಚ್ಚಿರುವಲ್ಲಿ ಸಣ್ಣ ನಾಯಿಗಳಲ್ಲಿ ಸಿಡುಕೂ ಹೆದರಿಕೆಯೂ ಹೆಚ್ಚು ಕಂಡುಬಂತು. ಈ ಮನೆಯಲ್ಲೂ ಪೇಪರಿನ ಸುರುಳಿ ನೋಡಿದರೆ ಬೊಳ್ಳು ಮಂಚದಡಿಗೆ ಹೋಗುತ್ತಿತ್ತು, ಆದರೆ ಕಚ್ಚುವುದು ಒಂದಿಷ್ಟೂ ಕಡಿಮೆ ಆಗಿರಲಿಲ್ಲ.

ನೆರೆಯವರೊಬ್ಬರು ಕೊಟ್ಟಿದ್ದ ಇನ್ನೊಂದು ಸಲಹೆ: ಮರಿಯನ್ನು ಅಂಗಾತ ಮಲಗಿಸಿ ಒತ್ತಿ ಹಿಡಿಯಿರಿ, ಯಜಮಾನ ಯಾರೆಂದು ಗೊತ್ತಾಗಲಿ. ದಯವಿಟ್ಟು ಇದನ್ನು ಮಾಡಬೇಡಿ. ಈ ಯಜಮಾನಿಕೆಯ ಲೆಕ್ಕಾಚಾರ ಹುಟ್ಟಿದ್ದು ಬೋನಿನಲ್ಲಿ ಕೂಡಿಹಾಕಿದ, ಒಂದಕ್ಕೊಂದು ಪರಿಚಯವಿಲ್ಲದ ತೋಳಗಳನ್ನು ನೋಡಿ. ಡೇವಿಡ್ ಮೆಕ್ ಎಂಬ ತೋಳ ತಜ್ಞರೇ ಒಂದು ಕಾಲದಲ್ಲಿ ಅದನ್ನು ಜನರಿಗೆ ಮುಟ್ಟಿಸಿದವರಲ್ಲಿ ಒಬ್ಬರು, ಕಾಡಿನ ತೋಳಗಳನ್ನು ವರ್ಷಗಟ್ಟಲೆ ನೋಡಿದ ಮೇಲೆ 1999ರಲ್ಲಿ ಅವರೇ ಬರೆದರು, ತೋಳದ ಗುಂಪು ಎಂದರೆ ಅಪ್ಪ ಅಮ್ಮ ಮಕ್ಕಳ ಸಂಸಾರ ಎಂದು. ಎರಡು ಕಿಲೋ ಮರಿಯನ್ನು ದೊಡ್ಡವರೊಬ್ಬರು ನೆಲಕ್ಕೆ ಒತ್ತಿದರೆ ಅದು ಕಲಿಯುವುದು ಹೆದರಿಕೆ ಒಂದನ್ನೇ, ಪಕ್ಕೆಲುಬಿಗೆ ಪೆಟ್ಟಾದರೂ ಆಗಬಹುದು.

ಹಾಗಾದರೆ ಎಲ್ಲರೂ ಮಾಡಿದ್ದು ಏನು? ಆಟದಲ್ಲಿ ಕೈ ಇಲ್ಲ, ಆಟ ಗೊಂಬೆಯ ಜೊತೆ. ಹಲ್ಲು ಚರ್ಮಕ್ಕೆ ತಾಗಿದರೆ ಮಾತಿಲ್ಲದೆ ನಿಲ್ಲುವುದು, ಮತ್ತೂ ಬಿಡದಿದ್ದರೆ ಎದ್ದು ಬೇಲಿಯ ಈಚೆ ಬರುವುದು, ಇಪ್ಪತ್ತು ಮೂವತ್ತು ಸೆಕೆಂಡಿಗೆ ಮತ್ತೆ ಹೋಗುವುದು. ಹತ್ತು ನಿಮಿಷ ಹೊರಗೆ ಹಾಕಿದರೆ ಯಾಕೆ ಹಾಕಿದರು ಎಂಬುದೇ ಮರಿಗೆ ನೆನಪಿರುವುದಿಲ್ಲ. ಕಾಲು ಪಕ್ಕದಲ್ಲೇ ಇದ್ದರೂ ಬಾಯಿ ಹಾಕದೆ ಸುಮ್ಮನೆ ಕುಳಿತಾಗ ಒಂದು ಚೂರು ತಿನಿಸು. ಇದು ಎಲ್ಲರೂ ಮರೆಯುವ ಭಾಗ, ನನ್ನ ಪ್ರಕಾರ ಅರ್ಧ ಕೆಲಸ ಇದರಲ್ಲೇ ಇದೆ. ಮರಿಯ ಹಾಗೆ "ಕುಂಯ್" ಎಂದು ಕೂಗುವ ಉಪಾಯ ಹುಡುಗಿಗೆ ಯಾರೋ ಹೇಳಿದ್ದರು. ಕೆಲವು ಮರಿಗಳಿಗೆ ಅದು ಸಾಕಾಗುತ್ತದೆ. ಬೊಳ್ಳುವಿಗೆ ಆ ಸದ್ದು ಕೇಳಿದರೆ ಖುಷಿ ಇಮ್ಮಡಿ, ಹಾಗಾಗಿ ಬಿಟ್ಟೆವು.

ಮೊದಲ ಕೆಲವು ದಿನ ಕಚ್ಚುವುದು ಹೆಚ್ಚೇ ಆಯಿತು. "ಇದು ಜಾಸ್ತಿ ಆಯ್ತಲ್ಲ ಮಾರಾಯ್ರೆ, ಮೊದಲೇ ವಾಸಿ ಇತ್ತು," ಎಂದು ಅಪ್ಪ ಫೋನ್ ಮಾಡಿದರು. ನಿನ್ನೆವರೆಗೆ ಹಲ್ಲು ಹಾಕಿದರೆ ಎಲ್ಲರೂ ಕುಣಿಯುತ್ತಿದ್ದರು, ಇವತ್ತು ಯಾರೂ ಅಲುಗುತ್ತಿಲ್ಲ. ಮರಿ ಇನ್ನೂ ಜೋರಾಗಿ ಪ್ರಯತ್ನಿಸಿ ನೋಡುತ್ತದೆ. ಆಗ ಒಬ್ಬರು ಸೋತು ಕುಣಿದರೆ, ಜೋರಾಗಿ ಕಚ್ಚಿದರೆ ಕೆಲಸ ಆಗುತ್ತದೆ ಎಂದು ಕಲಿಸಿದಂತೆ. ಅಪ್ಪ ದಪ್ಪ ಸಾಕ್ಸ್ ಹಾಕಿಕೊಂಡು ಆ ದಿನಗಳನ್ನು ದಾಟಿದರು.

ನಡುವೆ ಮಳೆ. ಜೂನ್ ಜುಲೈಯ ಮಂಗಳೂರಿನಲ್ಲಿ ಮರಿಯನ್ನು ಎಲ್ಲಿಗೆ ಕರೆದುಕೊಂಡು ಹೋಗುವುದು? ಲಸಿಕೆಗಳೂ ಮುಗಿದಿರಲಿಲ್ಲ, ನಿಂತ ನೀರಿನಲ್ಲಿ ಇಲಿ ಜ್ವರದ ಭಯ ಬೇರೆ. ಮನೆಯೊಳಗೇ ಮೂಗಿಗೆ ಕೆಲಸ ಕೊಟ್ಟೆವು. ಹಳೆ ಬಟ್ಟೆ ಮಡಿಕೆಯೊಳಗೆ ಅದರದ್ದೇ ಊಟದ ಕಾಳುಗಳನ್ನು ಅಡಗಿಸಿ ಹುಡುಕಲು ಬಿಡುವುದು. ಹತ್ತು ನಿಮಿಷ ಮೂಸಿ ಹುಡುಕಿದ ಮರಿ ತಾನಾಗಿ ಹೋಗಿ ಮಲಗುತ್ತದೆ. ಟೈಲ್ಸ್ ನೆಲ ಜಾರುತ್ತಿದ್ದ ಕಡೆ ಚಾಪೆ ಹಾಸಿದರು.

ನಾಲ್ಕು ತಿಂಗಳಿಗೆ ಹಲ್ಲು ಬೀಳಲು ಶುರು, ಮತ್ತೆ ಸ್ವಲ್ಪ ಬಾಯಿ ಹಾಕುವುದು ಶುರು. ಒದ್ದೆ ಬೈರಾಸಿನ (ಟವೆಲಿನ) ತುಂಡನ್ನು ತಿರುಚಿ ಫ್ರೀಜರಿನಲ್ಲಿಟ್ಟು ಕಣ್ಣೆದುರೇ ಜಗಿಯಲು ಕೊಟ್ಟರು. ತಣ್ಣಗಿನ ದಪ್ಪ ಕ್ಯಾರೆಟ್ಟೂ ಆಯಿತು. ತೆಂಗಿನ ಸಿಪ್ಪೆ ಬೇಡ, ನಾರು ನುಂಗಿದರೆ ಕರುಳಲ್ಲಿ ಸಿಕ್ಕಿಕೊಳ್ಳುತ್ತದೆ. ಬೇಯಿಸಿದ ಮೂಳೆಯೂ ಬೇಡ, ಒಡೆದು ಚುಚ್ಚುತ್ತದೆ. ಒಣ ಮೀನೂ ಬೇಡ, ಅದರಲ್ಲಿ ಉಪ್ಪು ಜಾಸ್ತಿ.

ಬಾಚಣಿಗೆಯ ವಿಷಯ ನಿಧಾನವಾಗಿ ಸರಿಯಾಯಿತು. ಮೊದಲು ಬಾಚಣಿಗೆ ತೋರಿಸಿ ತಿನಿಸು, ಆಮೇಲೆ ಬೆನ್ನಿಗೆ ಒಂದು ಎಳೆತ, ತಿನಿಸು, ನಿಲ್ಲಿಸುವುದು. ಕಿವಿಯ ಹಿಂದೆ ಗಂಟು ಕಟ್ಟಿದ ರೋಮವನ್ನು ಎಳೆಯದೆ ಕತ್ತರಿಸಿ ತೆಗೆದರು. ನೋವಾಗುವ ಕಡೆ ಮರಿ ಬಾಯಿ ಹಾಕಿದ್ದರಲ್ಲಿ ತಪ್ಪೇನಿಲ್ಲ.

ಒಂದು ಘಟನೆ ಬೇರೆಯಾಗಿಯೇ ಬರೆಯಬೇಕು. ಐದು ತಿಂಗಳಿನಲ್ಲಿ ಬೊಳ್ಳು ಒಂದು ಸಾಕ್ಸ್ ಹಿಡಿದು ಮಂಚದಡಿ ಸೇರಿತು. ಅಪ್ಪ ಕೈ ಚಾಚಿದರೆ ಮೈ ಕಲ್ಲಾಯಿತು, ಕಣ್ಣಿನ ಬಿಳಿ ಕಂಡಿತು, ಗುರ್ ಎಂದಿತು. ಇದು ಆಟ ಅಲ್ಲ. ಆಟದಲ್ಲಿ ಮೈ ಸಡಿಲ ಇರುತ್ತದೆ, ಮುಂಗಾಲು ಮಡಚಿ ಬಗ್ಗುತ್ತದೆ. ಹೀಗೆ ಬಿಗಿಯಾಗಿ ಗುರುಗುಟ್ಟುವ ಮರಿಯ ಬಾಯಿಂದ ಕಸಿಯಲು ಹೋಗಬಾರದು. ಕೋಳಿ ಚೂರು ಸ್ವಲ್ಪ ದೂರ ಎಸೆದರು, ಬೊಳ್ಳು ಬಂತು, ಸಾಕ್ಸ್ ತೆಗೆದರು. ಕೊಟ್ಟರೆ ಇನ್ನೂ ಒಳ್ಳೆಯದು ಸಿಗುತ್ತದೆ ಎಂಬ ಬದಲಾವಣೆ ಆಟವನ್ನು ಅಂದಿನಿಂದ ದಿನವೂ ಆಡಿಸುತ್ತಾರೆ. ಹೀಗೆ ಗುರುಗುಟ್ಟುವುದು ಪದೇ ಪದೇ ಆದರೆ, ಮುಟ್ಟಿದ ಕಡೆ ನೋವಿನಿಂದ ಕಚ್ಚಿದರೆ, ಮೊದಲು ಪಶುವೈದ್ಯರ ಹತ್ತಿರ ಹೋಗಿ, ಆಮೇಲೆ ತರಬೇತಿ.

ಈಗ ಬೊಳ್ಳುವಿಗೆ ಏಳು ತಿಂಗಳು. ಅಜ್ಜಿ ಹೂ ಕೊಯ್ಯುವಾಗ ಬೇಲಿ ಬೇಕಾಗಿಲ್ಲ, ಹಿಂದೆಯೇ ಹೋಗಿ ಜಗಲಿಯಲ್ಲಿ ಕೂರುತ್ತದೆ. ಗೆಜ್ಜೆ ಮತ್ತೆ ಹುಡುಗಿಯ ಕಾಲಿಗೆ ಬಂದಿದೆ. ಲಸಿಕೆ ಮುಗಿದ ಮೇಲೆ ಕದ್ರಿ ಪಾರ್ಕ್ ಕಡೆಗೆ ಬೆಳಿಗ್ಗೆ ನಡಿಗೆ ಇದೆ. ಕುದ್ರೋಳಿ ದಸರಾಕ್ಕೆ ಮುಂಬೈಯಿಂದ ಬಂದ ಚಿಕ್ಕಪ್ಪ ಕೈ ಕೊಟ್ಟು ಕುಸ್ತಿ ಆಡಿಸಿ ಹೋದ ಮೇಲೆ ಒಂದು ವಾರ ಮತ್ತೆ ಕೈಗೆ ಬಾಯಿ ಬಂತು, ಮನೆಯವರೇ ಸರಿಪಡಿಸಿಕೊಂಡರು, ನನ್ನನ್ನು ಕೇಳಲೂ ಇಲ್ಲ. ಬಾಕಿ ಇರುವುದು ಎರಡು. ಕರೆಗಂಟೆ ಬಾರಿಸಿದರೆ ಇನ್ನೂ ಬಂದವರ ಕಾಲ ಬುಡಕ್ಕೆ ಓಡುತ್ತದೆ, ಹಾಗಾಗಿ ಬಾಗಿಲು ತೆರೆಯುವ ಮೊದಲು ಬೆಲ್ಟಿಗೆ ಹಗ್ಗ ಹಾಕಿ ಚಾಪೆಯ ಮೇಲೆ ಕೂರಿಸುವ ಅಭ್ಯಾಸ ನಡೆಯುತ್ತಿದೆ. ಮೇಲಿನ ಎರಡು ಹಾಲು ಕೋರೆಹಲ್ಲು ಬೀಳದೆ ಹೊಸ ಹಲ್ಲಿನ ಪಕ್ಕದಲ್ಲೇ ಉಳಿದಿವೆ. ಸಣ್ಣ ಜಾತಿಗಳಲ್ಲಿ ಇದು ಸಾಮಾನ್ಯ, ಸಂದಿಯಲ್ಲಿ ಆಹಾರ ಸಿಕ್ಕಿ ವಸಡು ಕೆಡುತ್ತದೆ. ಮುಂದಿನ ತಿಂಗಳು ಸಂತಾನಹರಣ ಶಸ್ತ್ರಚಿಕಿತ್ಸೆಗೆ ಅರಿವಳಿಕೆ ಕೊಟ್ಟಾಗಲೇ ಅವನ್ನೂ ಕೀಳುತ್ತೇನೆ ಎಂದು ಪಶುವೈದ್ಯರು ಹೇಳಿದ್ದಾರೆ.